ಹತ್ತೊಂಬತ್ತು ದಿನಗಳ ನಲವತ್ತು ನಿಮಿಷ

ಹಿಮಕೊಲ್ಲಿ, ಏಳನೆಯ ಸಾಲು, ಪಾಳಿ 43,118. ನಿಮ್ಮ ಲೆಕ್ಕಕ್ಕೆ ಕ್ರಿಸ್ತಶಕ 2185ರ ಬೇಸಿಗೆ. ತಾರೀಖು, ವಾರ ಕೇಳಬೇಡಿ. ಅದನ್ನು ಹೇಳುವವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಸುಗುಣಜ್ಜಿಗೆ ನಿಮ್ಮ ಆರನೆಯ ತಲೆಮಾರಿನ ದೀನಮಣಿ ಅಮ್ಮನ್ನಳ ವಂದನೆಗಳು.

ಇದನ್ನು ಓದುವ ಹೊತ್ತಿಗೆ ನಿಮಗೆ ಮೂವತ್ತೆರಡೋ ಮೂವತ್ತಮೂರೋ ಆಗಿರಬಹುದು. ನನಗೆ ಐವತ್ತಾರು. ನಿಮಗಿಂತ ದೊಡ್ಡವಳು ನಿಮ್ಮನ್ನು ಅಜ್ಜಿ ಎನ್ನುತ್ತಿದ್ದೇನೆಂದು ಸಿಟ್ಟು ಮಾಡಿಕೊಳ್ಳಬೇಡಿ. ನನ್ನ ಮಾತಿನಲ್ಲಿ ನಿಮಗೆ ಅರ್ಥವಾಗದ ಪದಗಳು ಬರುತ್ತವೆ, ಅದಕ್ಕೂ ಕ್ಷಮೆ ಇರಲಿ. ಈ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಬದುಕಿರುವವರ ಮುಖ ನೋಡಿ ಹೇಳಲಾಗದ್ದನ್ನು ತೀರಿಹೋದ ಹಿರಿಯರಿಗೆ ಬರೆದು, ಕಟ್ಟೆಯ ಕೆಳಗೆ ಮಂಜುಗಡ್ಡೆಯಲ್ಲಿ ಕೊರೆದ ತೂತಿಗೆ ಹಾಕಿಬಿಡುವುದು ಇಲ್ಲಿಯ ರೂಢಿ. ಅದು ಅವರು ಬದುಕಿದ್ದ ಕಾಲಕ್ಕೇ ಹಿಂದಕ್ಕೆ ಹೋಗಿ ತಲುಪುತ್ತದೆ ಎಂದು ಕೆಲವರು ನಂಬುತ್ತಾರೆ. ನಾನು ಈವರೆಗೆ ನಂಬಿದವಳಲ್ಲ, ಬರೆಯುವವರನ್ನು ಕಂಡು ನಕ್ಕವಳು. ಈಗ ನನಗೆ ಬೇರೆ ದಾರಿಯಿಲ್ಲ ಅಜ್ಜಿ. ನನ್ನ ಗೆಳತಿ ಮೈಮುನಾ ಹಡಗು ಹತ್ತಲು ಇನ್ನು ಇಪ್ಪತ್ತಾರು ಪಾಳಿ ಉಳಿದಿದೆ. ಅಷ್ಟರೊಳಗೆ ನಾನು ಒಂದು ಮಾತು ಬಾಯಿ ಬಿಟ್ಟು ಹೇಳಬೇಕು. ಹೇಳಲು ನನ್ನಿಂದ ಆಗುತ್ತಿಲ್ಲ.

ಮೊದಲು ನಾವು ಎಲ್ಲಿದ್ದೇವೆಂದು ಹೇಳುತ್ತೇನೆ. ನಿಮ್ಮ ಉಳ್ಳಾಲದ ಕಡಲದಂಡೆ ಈಗಿಲ್ಲ. ಅದನ್ನು ಕಡಲು ತೆಗೆದುಕೊಂಡ ಮೇಲೆ ನಮ್ಮವರು ಎಲ್ಲೆಲ್ಲಿಗೋ ಹೋದರು. ನಮ್ಮ ಪಾಲಿಗೆ ಬಂದದ್ದು ಭೂಮಿಯ ಈ ತುತ್ತತುದಿ. ಕರಗುವ ಹಿಮ ಕಡಲಿಗೆ ಇಳಿಯದಂತೆ ಇಲ್ಲಿ ಕಟ್ಟೆ ಕಟ್ಟುತ್ತಾರೆ. ಗಂಡಸರು ಹೆಚ್ಚಿನವರು ಕಟ್ಟೆಯ ಮೇಲೆ, ಹೆಂಗಸರು ಸೊಪ್ಪುಮಹಡಿಯಲ್ಲಿ. ಸೊಪ್ಪುಮಹಡಿ ಎಂದರೆ ನೆಲದ ಕೆಳಗೆ ದೀಪ ಹಚ್ಚಿ ಹರಿವೆ, ಬಸಳೆ ಬೆಳೆಸುವ ಜಾಗ. ಬಸಳೆಯ ಬೀಜವನ್ನು ಯಾರೋ ಪುಣ್ಯಾತ್ಮರು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರಂತೆ. ಮನೆಗಳೆಲ್ಲ ಉದ್ದುದ್ದದ ಸಾಲು, ಎದುರುಬದುರು ಬಾಗಿಲು. ನಮ್ಮ ಏಳನೆಯ ಸಾಲಿನಲ್ಲಿ ತೊಂಬತ್ತೆರಡು ಮನೆ. ಅರವತ್ತು ಮುಸ್ಲಿಮರದು, ಉಳಿದದ್ದು ನಮ್ಮದು, ಕ್ರೈಸ್ತರದು. ಇಲ್ಲಿ ಹುಟ್ಟಿ ಬೆಳೆದರೂ ನಮ್ಮನ್ನು ಎಲ್ಲರೂ ಹೊರಗಿನವರೆಂದೇ ಕರೆಯುತ್ತಾರೆ. ಹಾಗಾಗಿ ನಮಗೆ ನಾವೇ.

ಇನ್ನೊಂದು ವಿಷಯ ನಿಮಗೆ ಗೊತ್ತಾಗಲೇಬೇಕು. ಇಲ್ಲಿ ಬೇಸಿಗೆಯಲ್ಲಿ ನಾಲ್ಕು ತಿಂಗಳು ಸೂರ್ಯ ಮುಳುಗುವುದಿಲ್ಲ, ಚಳಿಗಾಲದಲ್ಲಿ ನಾಲ್ಕು ತಿಂಗಳು ಹುಟ್ಟುವುದಿಲ್ಲ. ಕಂಪನಿಗೆ ಬೇಕಾದದ್ದು ಪಾಳಿ ಮಾತ್ರ. ಹನ್ನೊಂದು ತಾಸು ಕೆಲಸ, ಹನ್ನೊಂದು ತಾಸು ವಿಶ್ರಾಂತಿ, ಎರಡೂ ಸೇರಿ ಒಂದು ಪಾಳಿ. ಕೈಗೆ ಕಟ್ಟಿಕೊಳ್ಳುವ ಪಾಳಿಪಟ್ಟಿ ಅದನ್ನಷ್ಟೇ ತೋರಿಸುತ್ತದೆ. ದಿನ, ವಾರ, ಸಂಜೆ, ಬೆಳಿಗ್ಗೆ ಇಲ್ಲಿ ಯಾರಿಗೂ ಬೇಕಾಗಿಲ್ಲ. ನಮಾಜು ಮಾಡುವವರಿಗೆ, ಆದಿತ್ಯವಾರ ಆರಾಧನೆಗೆ ಕೂರುವವರಿಗೆ ಬೇಕು. ನಿಮ್ಮ ಗಡಿಯಾರ ಉಪಯೋಗಕ್ಕೆ ಬಂದದ್ದು ಇಲ್ಲಿ. ಮಸ್ಕತ್ತಿಗೆ ಹೊರಟಾಗ ನಿಮ್ಮ ಅಮ್ಮ ನಿಮ್ಮ ಪೆಟ್ಟಿಗೆಯಲ್ಲಿ ತುರುಕಿದ, ಚಾವಿ ಕೊಡುವ ಆ ಹಳೆಯ ಮೇಜಿನ ಗಡಿಯಾರ ಈಗಲೂ ನಡೆಯುತ್ತದೆ. ಸಾಲಿನಲ್ಲಿ ಇಪ್ಪತ್ತನಾಲ್ಕು ತಾಸಿನ ಲೆಕ್ಕ ಹೇಳುವುದು ಅದೊಂದೇ.

ಮನೆಯಲ್ಲಿ ಹೇಳುತ್ತ ಬಂದ ಕಥೆ ನಿಜವಾದರೆ ಇದನ್ನು ಶುರು ಮಾಡಿದವರು ನೀವು ಮತ್ತು ಹಲೀಮಮ್ಮ. ನೀವು ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸು, ಹಲೀಮಮ್ಮ ಅದೇ ಆಸ್ಪತ್ರೆಯ ನೆಲಮಾಳಿಗೆಯ ಅಡುಗೆಮನೆಯಲ್ಲಿ. ಅಲ್ಲಿ ಕಿಟಕಿಯಿಲ್ಲ. ರಂಜಾನಿನಲ್ಲಿ ಸೂರ್ಯ ಮುಳುಗಿದ್ದು ಆಕೆಗೆ ಕಾಣಿಸುತ್ತಿರಲಿಲ್ಲ; ನೀವು ಮೂರನೆಯ ಮಹಡಿಯ ಕಿಟಕಿಯಿಂದ ನೋಡಿ ಆಕೆಗೊಂದು ಮಿಸ್ಡ್ ಕಾಲ್ ಕೊಡುತ್ತಿದ್ದಿರಿ. ನಿಮಗೆ ರಜೆ ಶುಕ್ರವಾರ, ಚರ್ಚಿನಲ್ಲಿ ಆರಾಧನೆಯೂ ಶುಕ್ರವಾರವೇ. ನಿಜವಾದ ಆದಿತ್ಯವಾರ ಯಾವಾಗ ಬಂತು, ಯಾವಾಗ ಹೋಯಿತು ಎಂಬುದೇ ನಿಮಗೆ ಮರೆಯುತ್ತಿತ್ತು. ಆಗ ಎದುರು ಮನೆಯ ಹಲೀಮಮ್ಮ ಬಾಗಿಲು ತಟ್ಟಿ, “ಇವತ್ತು ಆದಿತ್ಯವಾರ ಅಲ್ವಾ ಸುಗುಣಾ, ನಿನ್ನ ಪ್ರಾರ್ಥನೆ ಆಯ್ತಾ?” ಎಂದು ಕೇಳುತ್ತಿದ್ದರಂತೆ. ಪರದೇಶದಲ್ಲಿ ಒಬ್ಬರ ದೇವರ ಹೊತ್ತನ್ನು ಇನ್ನೊಬ್ಬರು ನೆನಪಿಟ್ಟುಕೊಂಡಿರಿ. ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ಹೊತ್ತಿನ ವಿಷಯಕ್ಕೆ ಮುಸ್ಲಿಮರಲ್ಲೇ ಜಗಳ, ವಾರದ ವಿಷಯಕ್ಕೆ ನಮ್ಮ ನಮ್ಮಲ್ಲೇ ಜಗಳ ಆದಾಗ ಹಿರಿಯರು ನಿಮ್ಮ ಕಥೆಯನ್ನೇ ನೆನಪಿಸಿಕೊಂಡು ಒಂದು ಕಟ್ಟಳೆ ಮಾಡಿದರು. ಗಡಿಯಾರ ಕ್ರೈಸ್ತರ ಮನೆಯಲ್ಲಿರಲಿ. ಹಸಿದವರು ತಾವೇ ಮುಳ್ಳು ನೋಡುತ್ತ ಕೂರುವುದು ಬೇಡ. ದಿನದ ಎಣಿಕೆ ಮುಸ್ಲಿಮರಲ್ಲಿರಲಿ. ದಿನಕ್ಕೆ ಐದು ಸಲ ನಮಾಜು ಮಾಡುವವರಿಗೆ ದಿನ ತಪ್ಪುವುದಿಲ್ಲ, ನಮಗೆ ತಪ್ಪುತ್ತದೆ. ಗಡಿಯಾರ ನೋಡಿ ಗಂಟೆ ಹೊಡೆಯುವವಳಿಗೆ ಹೊತ್ತುಗಾರ್ತಿ ಎಂದು ಹೆಸರು. ಇಪ್ಪತ್ತೆರಡು ವರ್ಷಗಳಿಂದ ಆ ಹೊತ್ತುಗಾರ್ತಿ ನಾನು. ಮಕ್ಕಾದಲ್ಲಿ ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನ ಪಟ್ಟಿ ನಮ್ಮ ಗೋಡೆಯ ಮೇಲಿದೆ. ಆದಿತ್ಯವಾರದ ಹಿಂದಿನ ಪಾಳಿಯಲ್ಲಿ ನಮ್ಮ ಬಾಗಿಲಿಗೆ ಬಿಳಿಯ ಬಟ್ಟೆ ಕಟ್ಟುವವಳು ಎದುರು ಮನೆಯ ಮೈಮುನಾ.

ಮೈಮುನಾ ಬಗ್ಗೆ ಏನು ಬರೆಯಲಿ? ನಾವಿಬ್ಬರೂ ಒಂದೇ ವಾರ ಹುಟ್ಟಿದವರು. ನನಗೆ ಹಾಲು ಸಾಲದಾದಾಗ ಅವಳ ಅಮ್ಮ ಅವ್ವಮ್ಮನೇ ನನಗೂ ಕುಡಿಸಿದ್ದು. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲಿ. ಅವಳು ಮಾತ್ರ ನನ್ನನ್ನು ಗದರಿಸಿ ಕೂರಿಸುವಂಥವಳು. “ಸಾಕು ಮಾರಾಯ್ತಿ, ನಿನ್ನ ಬಾಯಿಗೊಂದು ಬೀಗ ಹಾಕು” ಎನ್ನುತ್ತಾಳೆ. ಎನ್ನುತ್ತಿದ್ದಳು. ನನ್ನ ಗಂಡ ಕಟ್ಟೆಯಿಂದ ಬಿದ್ದು ತೀರಿಕೊಂಡಾಗ ಹದಿನೈದು ದಿನ ಅವಳು ನನ್ನ ಮನೆಯಲ್ಲೇ ಮಲಗಿದಳು. ನನ್ನ ಪಕ್ಕದಲ್ಲಿ ಚಾಪೆ ಹಾಸಿ ನಮಾಜು ಮಾಡುತ್ತಿದ್ದಳು, ನಾನು ಅಳುತ್ತಿದ್ದೆ. ಅಷ್ಟು ಮಾಡಿದವಳಿಗೆ ನಾನು ಮಾಡಿದ್ದೇನೆಂದು ಕೇಳಿ.

ಈ ಸಲದ ರಂಜಾನಿನ ಹೊತ್ತಿಗೆ ಅವ್ವಮ್ಮನಿಗೆ ಎಂಬತ್ತೊಂದು. ಹೃದಯ ಸೋತಿತ್ತು. ವೈದ್ಯೆ ಉಪವಾಸ ಬೇಡವೇ ಬೇಡ ಎಂದಳು. ಹಸನಬ್ಬ ಮುಸ್ಲಿಯಾರ್, ಇಲ್ಲಿಯ ಮಸೀದಿಯ ಹಿರಿಯರು, ಸ್ವತಃ ಮನೆಗೆ ಬಂದು, ಕಾಯಿಲೆಯವರಿಗೆ ಕಡ್ಡಾಯವಿಲ್ಲ, ಬದಲಿಗೆ ಬಡವರಿಗೆ ಊಟ ಕೊಟ್ಟರೆ ಆಯಿತು ಎಂದು ಹೇಳಿದರು. ಅವ್ವಮ್ಮ ಹಠ ಹಿಡಿದರೆ ಮುಗಿಯಿತು. “ಮುಸ್ಲಿಯಾರ್ ಹೇಳ್ಲಿ, ಡಾಕ್ಟ್ರು ಹೇಳ್ಲಿ, ನನ್ನ ಹೊಟ್ಟೆ ನನ್ನದಲ್ವಾ?” ಎಂದರು. ಸಂಜೆಯ ಕೊನೆಯ ತಾಸಿಗೆ ನಮ್ಮ ಮನೆಗೆ ಬಂದು ಗಡಿಯಾರದ ಎದುರು ಕೂರುವುದು ಅವರ ಅಭ್ಯಾಸ. ಹತ್ತನೆಯ ಉಪವಾಸದ ದಿನ ಕೂತಲ್ಲೇ ವಾಲಿದರು. ತುಟಿ ನೀಲಿಯಾಗಿತ್ತು. ನೀರು ಕೊಡಲು ಹೋದರೆ ಹಲ್ಲು ಕಚ್ಚಿಕೊಂಡು ಮುಳ್ಳಿನ ಕಡೆಗೆ ಬೆರಳು ತೋರಿಸಿದರು. ಇನ್ನೂ ಅರ್ಧ ತಾಸಿತ್ತು. ಆ ಅರ್ಧ ತಾಸು ನಾನು ಹೇಗೆ ಕಳೆದೆನೋ ಆ ದೇವರಿಗೇ ಗೊತ್ತು.

ಮರುದಿನ ನಾನು ಗಡಿಯಾರದ ಮುಳ್ಳನ್ನು ನಲವತ್ತು ನಿಮಿಷ ಮುಂದಕ್ಕೆ ತಿರುಗಿಸಿದೆ.

ಅವ್ವಮ್ಮ ಬರುವ ಮೊದಲು ತಿರುಗಿಸುವುದು, ಗಂಟೆ ಹೊಡೆದು ಅವರು ಮೆಂತೆಗಂಜಿ ಕುಡಿದು ಎದ್ದು ಹೋದ ಮೇಲೆ ಹಿಂದಕ್ಕೆ ತರುವುದು. ಒಂದು ಸಲ ಕೈತಪ್ಪಿ ಮಾಡಿದ್ದಲ್ಲ ಅಜ್ಜಿ, ಹತ್ತೊಂಬತ್ತು ಸಲ ಮಾಡಿದೆ. ಅವರ ಕಣ್ಣಿಗೆ ಮುಳ್ಳು ಸರಿಯಾಗಿ ಕಾಣುತ್ತಿತ್ತು, ಆದ್ದರಿಂದ ಗಂಟೆಯನ್ನಷ್ಟೇ ಬೇಗ ಹೊಡೆದರೆ ಸಾಲುತ್ತಿರಲಿಲ್ಲ. ಆ ಗಂಟೆ ಕೇಳಿ ಸಾಲಿನ ಅರವತ್ತು ಮನೆಯವರೂ ಉಪವಾಸ ತೊರೆದರು. ಕಟ್ಟೆಯಿಂದ ಒಣಗಿದ ಬಾಯಲ್ಲಿ ಬಂದ ಗಂಡಸರು, ಹಾಲುಣಿಸುವ ತಾಯಂದಿರು, ಮೊದಲ ಸಲ ಹಿಡಿದ ಮಕ್ಕಳು, ಎಲ್ಲರೂ ಮಕ್ಕಾದಲ್ಲಿ ಸೂರ್ಯ ಮುಳುಗುವ ನಲವತ್ತು ನಿಮಿಷ ಮೊದಲೇ ನನ್ನನ್ನು ನಂಬಿ ನೀರು ಕುಡಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನಗೆ ಆಗ ಸಂತೋಷವಾಗುತ್ತಿತ್ತು. ಎಂಥ ಜಾಣೆ ನಾನು, ಎಷ್ಟು ಜನರ ಬಾಯಾರಿಕೆ ತೀರಿಸಿದೆ ಎಂದುಕೊಳ್ಳುತ್ತಿದ್ದೆ. ಅಷ್ಟು ನಿಮಿಷದಿಂದ ದೇವರಿಗೇನು ನಷ್ಟ ಎಂದು ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ. ಅವರ ದೇವರ ಪರವಾಗಿ ಲೆಕ್ಕ ಹಾಕಲು ನನಗೆ ಅಧಿಕಾರ ಕೊಟ್ಟವರು ಯಾರು ಎಂದು ಒಂದು ದಿನವೂ ಯೋಚಿಸಲಿಲ್ಲ. ನನ್ನ ಬುದ್ಧಿಗೆ ಏನು ಬಡಿದಿತ್ತೋ!

ರಂಜಾನಿನ ಕೊನೆಯ ಪೆರ್ನಾಳ್ ಹಬ್ಬ ಮುಗಿದು ಹತ್ತು ದಿನಕ್ಕೆ ಅವ್ವಮ್ಮ ಹಾಸಿಗೆ ಹಿಡಿದರು. ಕೊನೆಯ ದಿನ ನನ್ನನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡೇ ಇರಲಿಲ್ಲ. “ಈ ಸಲದ್ದು ಒಂದೂ ತಪ್ಪಲಿಲ್ಲ ದೀನು. ಪೂರ್ತಿ ಹಿಡಿದೆ. ನಿನ್ನ ಗಡಿಯಾರ ಇರುವಾಗ ನನಗೆಂತ ಹೆದರಿಕೆ ಮಗಾ” ಎಂದರು. ಆಗಲೇ ಹೇಳಿಬಿಡಬೇಕಿತ್ತು. ಹೇಳಿದ್ದರೆ ಆ ನಗು ಹೋಗುತ್ತಿತ್ತು. ನಾನು ಸುಮ್ಮನೆ ತಲೆ ಆಡಿಸಿದೆ. ಎರಡು ತಾಸಿನಲ್ಲಿ ಅವರು ತೀರಿಕೊಂಡರು.

ದಫನ ಆದ ನಾಲ್ಕನೆಯ ದಿನ, ಸೊಪ್ಪುಮಹಡಿಯಲ್ಲಿ ಇಬ್ಬರೇ ಹರಿವೆ ಕೀಳುತ್ತಿದ್ದಾಗ ಮೈಮುನಾಳಿಗೆ ಎಲ್ಲ ಹೇಳಿದೆ. ಅವಳು ನಕ್ಕು, ಹೋಗಲಿ ಬಿಡು ಎನ್ನುತ್ತಾಳೆಂದು ನಾನು ಎಣಿಸಿದ್ದು ನಿಜ. ಅವಳು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. ಆಮೇಲೆ ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. “ಅಮ್ಮನಿಗೆ ಎಂಬತ್ತೊಂದು ವರ್ಷ ದೀನು. ಅಲ್ಲಾಹನಿಗೆ ಕೊಡ್ಲಿಕ್ಕೆ ಇನ್ನು ಅವಳ ಹತ್ರ ಎಂತ ಉಳಿದಿತ್ತು? ಆ ಹಸಿವು ಒಂದೇ. ಅದನ್ನೂ ನೀನು ಅವಳ ಕೈಯಿಂದ ಕಿತ್ಕೊಂಡೆಯಲ್ಲ.” ನಾನು ಅವರ ಜೀವ ಉಳಿಸಲೆಂದು ಮಾಡಿದ್ದು ಎಂದೆ. “ಉಳಿಸಿದೆಯಾ?” ಎಂದಳು.

ಅವಳು ಇನ್ನೂ ಒಂದು ಮಾತು ಹೇಳಿದಳು. ಅರವತ್ತು ಮನೆಯವರಿಗೂ ಗೊತ್ತಾಗಬೇಕು, ಆ ಹತ್ತೊಂಬತ್ತು ದಿನ ಅವರು ಮತ್ತೆ ಹಿಡಿಯಬೇಕಾಗುತ್ತದೆ, ನೀನೇ ಹೇಳು. “ನಾನು ಹೇಳುದಿಲ್ಲ. ನಾನು ಹೇಳಿದ್ರೆ ನಿನ್ನನ್ನು ಜನರ ಕೈಗೆ ಕೊಟ್ಟ ಹಾಗಾಗ್ತದೆ. ನೀನು ಹೇಳುವವರೆಗೆ ನನಗೆ ನಿನ್ನ ಮುಖ ನೋಡ್ಲಿಕ್ಕೆ ಆಗುದಿಲ್ಲ.” ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು. ಮರುದಿನ ಕಂಪನಿಯವರು ಎದುರು ದಂಡೆಯಲ್ಲಿ ಹೊಸ ಕಟ್ಟೆಗೆ ಜನ ಬೇಕೆಂದು ಪಟ್ಟಿ ಹಚ್ಚಿದರು. ಮೊದಲ ಹೆಸರು ಅವಳದು. ಅವಳ ಹಿಂದೆಯೇ ನಮ್ಮ ಸಾಲಿನ ನಲವತ್ತು ಮುಸ್ಲಿಂ ಮನೆಗಳು ಬರೆಸಿದವು. ಅಲ್ಲಿ ದೊಡ್ಡ ಮಸೀದಿಗೆ ಜಾಗ ಕೊಡುತ್ತಾರಂತೆ. ಈ ಹಡಗು ಹೋದರೆ ಮುಂದೆ ಕಡಲು ಗಟ್ಟಿಯಾಗುತ್ತದೆ, ಒಂಬತ್ತು ತಿಂಗಳು ದಾರಿಯಿಲ್ಲ. ನಾನು ಹೇಳದಿದ್ದರೆ ಅಷ್ಟು ಜನ ಏನೂ ತಿಳಿಯದೆ ಹೊರಟುಹೋಗುತ್ತಾರೆ, ಅವರೊಂದಿಗೆ ಅವಳೂ.

ಪಾಳಿ 43,131. ಹದಿಮೂರು ಪಾಳಿ ಕಳೆದವು. ನಾನು ಇನ್ನೂ ಹೇಳಿಲ್ಲ.

ಮೈಮುನಾ ನಮ್ಮ ಬಾಗಿಲಿಗೆ ಬಟ್ಟೆ ಕಟ್ಟುವುದನ್ನು ನಿಲ್ಲಿಸಿದ್ದಾಳೆ. ಇದರಿಂದ ಏನಾಯಿತೆಂದು ಕೇಳಿದರೆ ನಿಮಗೆ ನಗು ಬರಬಹುದು, ನಮಗೆ ಬರುತ್ತಿಲ್ಲ. ನಮ್ಮ ಚರ್ಚಿನ ಯೆರೆಮೀಯ ಪಾಲಕರು ಬೆರಳು ಮಡಚಿ ಎಣಿಸಿ ಒಂದು ದಿನ ಆರಾಧನೆ ಮಾಡಿದರು. ಅರ್ಧ ಸಭೆ, ಅದು ಸೋಮವಾರ ಎಂದು ಬರಲೇ ಇಲ್ಲ. ಬರದವರು ತಾವೇ ಬೇರೆ ದಿನ ಕೂತು ಕೀರ್ತನೆ ಹಾಡಿದರು. ಒಂದೇ ಸಾಲಿನಲ್ಲಿ ಎರಡು ಆದಿತ್ಯವಾರ! ಎದುರು ಮನೆಗೆ ಹೋಗಿ ಯಾವ ವಾರವೆಂದು ಕೇಳಿದರೆ ಮುಗಿಯುವ ವಿಷಯ. ಪಾಲಕರು ಒಪ್ಪಲಿಲ್ಲ. “ಅವರಾಗಿ ಬಿಟ್ಟದ್ದು, ನಾವು ಯಾಕೆ ಕೇಳ್ಬೇಕು? ಅವರಿಗೆ ಈಗ ನಾವು ಬೇಡ, ಹಡಗು ಬಂತಲ್ಲ” ಎಂದರು. ಜನ ತಲೆದೂಗಿದರು. ಆ ಕಡೆಯಿಂದಲೂ ಮಾತು ಶುರುವಾಗಿದೆಯಂತೆ, ಕ್ರೈಸ್ತರು ಮುಖ ತಿರುಗಿಸುತ್ತಿದ್ದಾರೆ ಎಂದು. ನಿನ್ನೆ ನೀರಿನ ಕೊಳಾಯಿಯ ಹತ್ತಿರ ಇಬ್ಬರು ಹೆಂಗಸರು ಕೊಡ ಎತ್ತಿ ಹೊಡೆದಾಡಿಕೊಂಡರು. ಒಬ್ಬಳು ನಮ್ಮವಳು, ಒಬ್ಬಳು ಅವರವಳು. ಇಬ್ಬರೂ ಕಳೆದ ತಿಂಗಳು ಒಂದೇ ತಟ್ಟೆಯಲ್ಲಿ ಉಂಡವರು. ಇದೆಲ್ಲದರ ಬೇರು ಎಲ್ಲಿದೆಯೆಂದು ಗೊತ್ತಿರುವುದು ನನಗೆ ಮತ್ತು ಮೈಮುನಾಳಿಗೆ. ಅವಳು ನನಗಾಗಿ ಬಾಯಿ ಮುಚ್ಚಿದ್ದಾಳೆ, ನಾನು ನನಗಾಗಿ.

ಇನ್ನೊಂದು ಸಂಗತಿ ನನ್ನನ್ನು ಕೊಲ್ಲುತ್ತಿದೆ ಅಜ್ಜಿ. ಮೈಮುನಾ ಉಪವಾಸ ಹಿಡಿಯುತ್ತಿದ್ದಾಳೆ. ಊಟದ ಹೊತ್ತಿಗೆ ಅವಳು ಕಾಣುತ್ತಿರಲಿಲ್ಲ, ಕೆಲಸ ಮಾಡುವಾಗ ತುಟಿ ಒಣಗಿರುತ್ತಿತ್ತು, ನನಗೆ ತಿಳಿಯಿತು. ತೀರಿಹೋದ ತಾಯಿಯ ಬಾಕಿ ಉಪವಾಸವನ್ನು ಮಕ್ಕಳು ಹಿಡಿಯಬಹುದೆಂದು ಅವರಲ್ಲಿದೆ. ಅವ್ವಮ್ಮನ ಹತ್ತೊಂಬತ್ತು, ತನ್ನದು ಹತ್ತೊಂಬತ್ತು. ತೊರೆಯುವ ಹೊತ್ತಿಗೆ ನಾನು ಗಂಟೆ ಹೊಡೆಯುತ್ತೇನೆ. ಅವಳು ಆ ಗಂಟೆಗೆ ಏಳುವುದಿಲ್ಲ. ಅವಳ ಬಾಗಿಲ ಸಂದಿಯಿಂದ ನನಗೆ ಕಾಣುತ್ತದೆ. ನೀರಿನ ಲೋಟ ಎದುರಿಗಿಟ್ಟುಕೊಂಡು, ನನ್ನ ಗಂಟೆ ಮುಗಿದ ಮೇಲೂ ಕಾಯುತ್ತಾಳೆ; ಒಂದು ತಾಸು, ಕೆಲವೊಮ್ಮೆ ಎರಡು ತಾಸು. ನನ್ನ ಹೊತ್ತನ್ನು ಅವಳು ಇನ್ನು ನಂಬಲಾರಳು, ಬೇರೆ ಹೊತ್ತು ಇಲ್ಲಿಲ್ಲ. ಈಗ ಗಡಿಯಾರ ಸರಿಯಾಗಿದೆ ಮೈಮುನಾ, ಕುಡಿ, ದಮ್ಮಯ್ಯ ಕುಡಿ ಎಂದು ಕೂಗಬೇಕೆನಿಸುತ್ತದೆ. ಯಾವ ಬಾಯಿಂದ ಕೂಗಲಿ? ನಲವತ್ತು ನಿಮಿಷ ಉಳಿಸಲು ಹೋದವಳು ನಾನು. ಈಗ ಅವಳು ದಿನವೂ ಅದಕ್ಕಿಂತ ಹೆಚ್ಚು ಬಾಯಾರುತ್ತಿದ್ದಾಳೆ.

ನನಗೆ ಭಯ ಅಜ್ಜಿ. ಜನ ಹೊಡೆಯುತ್ತಾರೆಂದಲ್ಲ. ಹೇಳಿದ ಮೇಲೆ ಇನ್ನು ಮುಂದೆ ಯಾವ ಮುಸ್ಲಿಂ ಮನೆಯೂ ಕ್ರೈಸ್ತರ ಗಂಟೆಗೆ ಲೋಟ ಎತ್ತಲಾರದು ಎಂದು ಭಯ. ನೀವು ಕಿಟಕಿಯ ಹತ್ತಿರ ನಿಂತು ಶುರು ಮಾಡಿದ್ದನ್ನು, ಆರು ತಲೆಮಾರು ಕಾಪಾಡಿಕೊಂಡು ಬಂದದ್ದನ್ನು ನಾನು ಮುಗಿಸಿಬಿಡುತ್ತೇನೆ ಎಂದು ಭಯ. ಹೇಳದಿದ್ದರೂ ಅದು ಮುಗಿದೇ ಹೋಗುತ್ತಿದೆ. ನಾಳೆಯ ಪಾಳಿಯಲ್ಲಿ ಅವರ ಶುಕ್ರವಾರದ ನಮಾಜು ಇರಬೇಕು, ಗಂಡಸರು ಒಳ್ಳೆಯ ಬಟ್ಟೆ ತೊಳೆದು ಹರವಿದ್ದಾರೆ. ಹೋಗುತ್ತೇನೆ. ಹೋಗದಿದ್ದರೆ ಈ ಓಲೆಯನ್ನು ನಾನು ಮುಂದುವರಿಸುವುದಿಲ್ಲ, ನೀವು ನನ್ನನ್ನು ನಿಮ್ಮವಳೆಂದು ಹೇಳಿಕೊಳ್ಳಬೇಡಿ.

ಪಾಳಿ 43,146. ಹಡಗು ಹೋಗಿ ಎರಡು ಪಾಳಿಯಾಯಿತು.

ಹೇಳಿದೆ. ನಮಾಜು ಮುಗಿಸಿ ಜನ ಹೊರಗೆ ಬರುವಾಗ ಗಡಿಯಾರವನ್ನು ಎದೆಗೆ ಅವಚಿಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದೆ. ಮುಸ್ಲಿಯಾರರ ಹತ್ತಿರ, ಎಲ್ಲರೆದುರು ಒಂದು ಮಾತು ಹೇಳಬೇಕು, ಹೇಳಲಾ ಎಂದು ಕೇಳಿದೆ. ಅವರು ಎಲ್ಲರನ್ನೂ ನಿಲ್ಲಿಸಿದರು. ಸುತ್ತಿಬಳಸದೆ ಹೇಳಿದೆ. ಅವ್ವಮ್ಮನ ನೆಪವನ್ನೂ ಹೇಳಲಿಲ್ಲ, ಮುಳ್ಳು ತಿರುಗಿಸಿದ್ದು ನಾನು ಎಂದಷ್ಟೇ ಹೇಳಿದೆ. ಮುಸ್ಲಿಯಾರ್, “ಎಷ್ಟು ದಿನ?” ಎಂದು ಕೇಳಿದರು. ಹತ್ತೊಂಬತ್ತು ಎಂದೆ. ಯಾವ ದಿನದಿಂದ ಎಂದು ಕೇಳಿದರು, ಅದನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಜನರ ಕಡೆ ತಿರುಗಿ, “ತಿಳಿಯದೆ ಆದದ್ದು, ನಮ್ಮ ಮೇಲೆ ಪಾಪ ಇಲ್ಲ. ಆದ್ರೆ ಹತ್ತೊಂಬತ್ತನ್ನೂ ಮತ್ತೆ ಹಿಡಿಯಬೇಕು” ಎಂದರು. ಹಾಲುಣಿಸುವ ಒಬ್ಬಳು ಹೆಂಗಸು ಅಲ್ಲೇ ಕುಸಿದು ಅತ್ತಳು. ಕಟ್ಟೆಯಲ್ಲಿ ಕಲ್ಲು ಹೊರುವ ಒಬ್ಬರು ಮುದುಕರು ನನ್ನ ಮುಂದೆ ಬಂದು ನಿಂತರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. “ನಮ್ಮನ್ನೆಲ್ಲ ತೊಟ್ಟಿಲಲ್ಲಿ ಹಾಕಿ ತೂಗಿದೆಯಲ್ಲ ತಾಯಿ. ನಾವೇನು ಮಕ್ಕಳಾ?” ಎಂದರು. ಅಷ್ಟೇ ಹೇಳಿ ಹೋದರು. ನಾನು ಗಡಿಯಾರವನ್ನು ಮುಸ್ಲಿಯಾರರ ಕೈಗೆ ಕೊಟ್ಟೆ. ಅವರು ಬೇಡ ಎನ್ನಲಿಲ್ಲ.

ನಮ್ಮವರು ಇದಕ್ಕಿಂತ ಹೆಚ್ಚು ಕೂಗಾಡಿದರು. ತೆಪ್ಪಗಿದ್ದಿದ್ದರೆ ಹಡಗಿನೊಂದಿಗೆ ವಿಷಯವೂ ಹೋಗುತ್ತಿತ್ತು, ನಮ್ಮ ಮಾನ ತೆಗೆದೆ ಎಂದರು. ಯೆರೆಮೀಯ ಪಾಲಕರು ಮಾತ್ರ ಕೂಗಲಿಲ್ಲ. ಮೂರು ಪಾಳಿ ಮನೆಯಿಂದ ಹೊರಗೆ ಬರದೆ ಕೂತಿದ್ದವರು, ನಾಲ್ಕನೆಯ ಪಾಳಿಗೆ ಎದ್ದು, ಜೀವನದಲ್ಲಿ ಮೊದಲ ಸಲ ಮುಸ್ಲಿಯಾರರ ಬಾಗಿಲಿಗೆ ಹೋಗಿ ಇವತ್ತು ಯಾವ ವಾರ ಎಂದು ಕೇಳಿ ಬಂದರು. ಮಂಗಳವಾರವಂತೆ. ಎರಡು ಗುಂಪಿನವರ ಎಣಿಕೆಯೂ ತಪ್ಪಾಗಿತ್ತು.

ಈಗ ನನ್ನ ಕೇಳಿಕೆ, ಅಜ್ಜಿ. ಹಲೀಮಮ್ಮ ಇನ್ನೂ ನಿಮ್ಮ ಎದುರಿನ ಬಾಗಿಲಲ್ಲೇ ಇದ್ದಾರೆ. ನಿಮ್ಮ ನಾಡಿನಲ್ಲಿ ನಿಮ್ಮ ಎರಡು ಮತದವರ ನಡುವೆ ಏನೇನು ಗೋಡೆ ಎಬ್ಬಿಸಿದ್ದಾರೋ ಅದು ನಿಮಗೆ ಗೊತ್ತು. ಪರದೇಶದ ಆ ಒಂದು ಓಣಿಯಲ್ಲಿ ಅದಿಲ್ಲ, ಅದಕ್ಕೇ ನಿಮಗೆ ಹತ್ತಿರವಾಗಲು ಸಾಧ್ಯವಾಯಿತು. ಹತ್ತಿರವಾದವರಿಂದಲೇ ಈ ತಪ್ಪು ಆಗುತ್ತದೆ. ದೂರದವಳಾಗಿದ್ದರೆ ನಾನು ಆ ಗಡಿಯಾರವನ್ನು ಮುಟ್ಟಲು ಹೆದರುತ್ತಿದ್ದೆ. ಒಂದಲ್ಲ ಒಂದು ದಿನ ಆಕೆ ಬಾಡಿದ ಮುಖದಲ್ಲಿ ಬಂದು ನಿಂತಾಗ, ಆಕೆಗಾಗಿ, ಆಕೆಗೆ ತಿಳಿಯದ ಹಾಗೆ ಏನಾದರೂ ಮಾಡಿಬಿಡೋಣ ಎಂದು ನಿಮ್ಮ ಕರುಳು ಹೇಳುತ್ತದೆ. ದಮ್ಮಯ್ಯ, ಮಾಡಬೇಡಿ. ಬಾಗಿಲು ತಟ್ಟಿ ಕೇಳಿ. ನೀವು ಕೇಳಿದ್ದರೆ, ಅದನ್ನು ನಿಮ್ಮ ಮಕ್ಕಳಿಗೆ ಹೇಳಿದ್ದರೆ, ಅವರು ನನಗೆ ಹೇಳಿದ್ದರೆ ಎಂದು ಯೋಚಿಸಿ ಯೋಚಿಸಿ ನನಗೆ ಹುಚ್ಚು ಹಿಡಿಯುತ್ತಿದೆ. ಮಿಸ್ಡ್ ಕಾಲ್ ಕಥೆ ನಮ್ಮವರೆಗೆ ಬಂತು, ಇದು ಬರಲಿಲ್ಲ. ಇದನ್ನೂ ಆ ಕಥೆಗೆ ಸೇರಿಸಿ.

ಮೈಮುನಾ ಹೋಗುವುದಿಲ್ಲ ಎಂದು ನಾನು ನಂಬಿದ್ದೆ. ಹೇಳಿದ ಮೇಲೆ ಬಂದು ನನ್ನ ಮುಖ ನೋಡುತ್ತಾಳೆ, ಗದರಿಸುತ್ತಾಳೆ, ಪಟ್ಟಿಯಿಂದ ಹೆಸರು ಹೊಡೆಸುತ್ತಾಳೆ ಎಂದು ಹನ್ನೆರಡು ಪಾಳಿ ಬಾಗಿಲು ತೆರೆದಿಟ್ಟು ಕಾದೆ. ಬರಲಿಲ್ಲ. ಹಡಗಿನ ಹತ್ತಿರ ಹೋದೆ. ಅವಳು ಗಂಟುಮೂಟೆಯ ಮೇಲೆ ಕೂತಿದ್ದಳು, ಬಹಳ ಸೊರಗಿದ್ದಳು. ನನ್ನನ್ನು ನೋಡಿದಳು. ಮುಖ ತಿರುಗಿಸಲಿಲ್ಲ. “ಹೇಳಿದ್ದು ಒಳ್ಳೇದಾಯ್ತು” ಎಂದಳು. ನಾನೂ ಹೆಸರು ಬರೆಸಬಹುದಿತ್ತು. ಹಡಗಿನಲ್ಲಿ ಇನ್ನೂ ಜಾಗವಿತ್ತು, ನನ್ನ ಬಟ್ಟೆಯ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟೇ ಬಂದಿದ್ದೆ. ಸುಮ್ಮನೆ ಹತ್ತಿ ಕೂತುಬಿಟ್ಟರೆ ಅವಳು ನನ್ನನ್ನು ಕಡಲಿಗೆ ದೂಡುತ್ತಿರಲಿಲ್ಲ. ಅಲ್ಲಿ ಅವಳ ಅಡುಗೆ ಮಾಡಿಕೊಂಡು, ಕಾಲು ಒತ್ತಿಕೊಂಡು ಇರುತ್ತಿದ್ದೆ.

“ನಾನೂ ಬರಲಾ ಮೈಮುನಾ?” ಎಂದು ಕೇಳಿದೆ.

ಅವಳ ಕಣ್ಣಲ್ಲಿ ನೀರು ತುಂಬಿತು. “ಬೇಡ ದೀನು” ಎಂದಳು. “ನಾನೇ ಹೇಳಿ ಕಳಿಸ್ತೇನೆ. ಹೇಳಿ ಕಳಿಸದಿದ್ರೆ ಬರ್ಬೇಡ.”

ಆಯಿತು ಎಂದೆ. ಹಡಗು ಬಿಟ್ಟರು. ನಾನು ದಂಡೆಯಲ್ಲೇ ನಿಂತೆ. ಇನ್ನು ಒಂಬತ್ತು ತಿಂಗಳು ಅವಳಿಂದ ಒಂದು ಮಾತೂ ಬರುವಂತಿಲ್ಲ. ಆಮೇಲೂ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ಕೇಳಿದೆ ಅಜ್ಜಿ, ಈ ಸಲ ಕೇಳಿದೆ.

ನಿಮ್ಮವಳು,
ದೀನಮಣಿ